ನೆಟ್ಟ ನೋಟ

ಮಲ್ಕಾಜ್‌ಗಿರಿ
7 ಜುಲೈ 2003, ಸೋಮವಾರ

ಮಗಳು ಸುವರ್ಣಾಗೆ,

ಲಿಂಗಪೂಜೆ ಮುಗಿಸಿ, ನಿಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿಗೆ ಹೋದ ಮೇಲೆ ಬರೆಯಲು ಕುಳಿತಿದ್ದೇನೆ. ಒಂದೇ ಹೈದರಾಬಾದಿನಲ್ಲಿದ್ದುಕೊಂಡು ತಾಯಿ ಮಗಳಿಗೆ ಟಪಾಲು ಹಾಕುವುದನ್ನು ಕಂಡರೆ ಜನ ನಗುತ್ತಾರೆ. ನಗಲಿ. ಫೋನು ಪಡಸಾಲೆಯಲ್ಲಿದೆ, ಅದರ ಪಕ್ಕದಲ್ಲೇ ನಿಮ್ಮ ಅಪ್ಪನ ಕುರ್ಚಿ. ಅದೂ ಅಲ್ಲದೆ ಫೋನಿನಲ್ಲಿ ನಾನು ಅಳುತ್ತೇನೆ, ನೀನು ಇಟ್ಟುಬಿಡುತ್ತೀ. ಪತ್ರದಲ್ಲಿ ಅತ್ತರೆ ನಿನಗೆ ಕೇಳಿಸುವುದಿಲ್ಲ.

ನಿನ್ನೆ ಪಕ್ಕದ ಮನೆಯ ಉಮಾಬಾಯಿ ನೀರು ಹಿಡಿಯುವಾಗ ಕೇಳಿದಳು, ‘ಅಲ್ರೀ ಗದಿಗೆವ್ವಕ್ಕ, ಸುವರ್ಣಾ ಕಾಣವಲ್ಲಳಲ್ಲ?’

‘ಆಫೀಸು ದೂರ ಆತ್ರಿ. ಮಿಯಾಪುರದಾಗ ಹಾಸ್ಟೆಲ್ ಹಿಡದಾಳ.’

‘ಹೂಂ, ಹಿಡದಾಳ. ಚಸ್ಮಾದ ಸುದ್ದಿ ಕ್ವಾರ್ಟರ್ಸಿಗೆಲ್ಲಾ ಗೊತ್ತೈತಿ ಬಿಡ್ರಿ’ ಎಂದು ನಕ್ಕಳು. ನನಗೂ ನಗು ಬಂತು, ದೇವರಾಣೆ. ನಿನ್ನನ್ನು ನೋಡಲು ಬಂದ ಹುಡುಗನ ಅತ್ತೆ ‘ಚಸ್ಮಾ ತಗಿ ಹುಡುಗಿ, ಕಣ್ಣು ನೆಟ್ಟಗದಾವೋ ಇಲ್ಲೋ ನೋಡೂಣು’ ಎಂದದ್ದು; ನೀನು ‘ನೀವೂ ತಗೀರಿ, ನಿಮ್ಮವೂ ನೋಡ್ತೀನಿ’ ಎಂದು ಅವಲಕ್ಕಿ ತಾಟು ಕೆಳಗಿಟ್ಟು ಎದ್ದದ್ದು. ಆಮೇಲೆ ನಿಮ್ಮ ಅಪ್ಪ ‘ಹೊಸ್ತಿಲ ದಾಟಿದ್ರ ತಿರುಗಿ ಬರಬ್ಯಾಡ’ ಎಂದರು. ನೀನು ದಾಟಿದೆ. ಅಲ್ಲಿಗೆ ನಗು ಮುಗಿಯಿತು.

ಉಮಾಬಾಯಿಗೆ ಇನ್ನೊಂದು ಅನುಮಾನ. ‘ಸ್ಪ್ಯಾನಿಷ್ ಕಲ್ತಾಳಂತೀರಿ, ಹೈದರಾಬಾದಿನಾಗ ಆ ಭಾಷಾ ಯಾರ ಕೂಡ ಮಾತಾಡ್ತಾಳ್ರಿ?’ ಏನು ಹೇಳಲಿ? ಕಂಪ್ಯೂಟರ್ ಕೂಡ ಎಂದೆ. ನೀನು ಏನು ಕೆಲಸ ಮಾಡುತ್ತೀ ಎಂದು ಸರಿಯಾಗಿ ಬರೆ. ನಾನೂ ತಿಳಿದುಕೊಳ್ಳುತ್ತೇನೆ.

ನಾನು ಆರಾಮ. ಪೂಜೆಗೆ ಕುಳಿತಾಗ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಮೊನ್ನೆ ಸಂತೆಯಿಂದ ಬರುವಾಗ ಎಡಗಡೆಯಿಂದ ಬಂದ ಸ್ಕೂಟರು ಕಾಣಲೇ ಇಲ್ಲ. ಆತನೇ ಬ್ರೇಕು ಹಾಕಿ ಬೈದು ಹೋದ. ಐವತ್ತಾಯಿತಲ್ಲ, ವಯಸ್ಸು. ನಿಮ್ಮ ಅಪ್ಪನಿಗೆ ಹೇಳಿಲ್ಲ. ನಿನಗೂ ಹೇಳಬೇಕೆಂದಿರಲಿಲ್ಲ, ಪೆನ್ನು ಹೇಳಿಬಿಟ್ಟಿತು.

ನಿನ್ನ ಅವ್ವ
ಗದಿಗೆಮ್ಮ


ಮಿಯಾಪುರ
19 ಜುಲೈ 2003

ಅವ್ವಾ, ಶರಣು.

ನೀನು ಅತ್ತದ್ದು ಕೇಳಿಸುವುದಿಲ್ಲ, ನಿಜ. ಆದರೆ ಮಸಿ ಹರಡಿದ್ದು ಕಾಣುತ್ತದೆ.

ನಾನು ಯಾರ ಕೂಡವೂ ಮಾತಾಡುವುದಿಲ್ಲ, ಬರೆಯುತ್ತೇನೆ ಎಂದು ಉಮಾಬಾಯಿಗೆ ಹೇಳು. ಅಮೆರಿಕದ ಒಂದು ಕಂಪನಿ ಕಣ್ಣು ಪರೀಕ್ಷೆಯ ಯಂತ್ರ ಮಾಡುತ್ತದೆ. ರೋಗಿ ದೊಡ್ಡ ಬಿಳಿ ಬೋಗುಣಿಯಂಥದ್ದರೊಳಗೆ ಮುಖವಿಟ್ಟು ಕೂರಬೇಕು, ನಡುವೆ ಒಂದು ಸಣ್ಣ ದೀಪ. ಆಗ ಯಂತ್ರ ರೋಗಿಗೆ ಹೇಳುವ ಮಾತುಗಳಿವೆಯಲ್ಲ, ಅವನ್ನು ನಮ್ಮ ಆಫೀಸಿನವರು ಬೇರೆ ಬೇರೆ ಭಾಷೆಗೆ ಮಾಡುತ್ತೇವೆ. ಸ್ಪ್ಯಾನಿಷ್ ನನ್ನದು. ಮೆಕ್ಸಿಕೋ, ಪೆರು ಅಂಥ ದೇಶಗಳಿಗೆ ಹೋಗುತ್ತದೆ.

ಎಲ್ಲ ಮುಗಿದು ಒಂದೇ ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ‘ಗೇಜ್’ ಎಂದಿದೆ, ನೆಟ್ಟ ನೋಟ ಎಂದು ಅರ್ಥ. ನಡುವಿನ ದೀಪದ ಮೇಲೆ ನಿಮ್ಮ ಗೇಜ್ ನಿಲ್ಲಿಸಿ, ಎಂದು ವಾಕ್ಯ. ನಾನು ಮೊದಲು ‘ವಿಸ್ತಾ’ ಎಂದು ಹಾಕಿದೆ. ನಾವು ಮಾಡಿದ್ದನ್ನು ಮೆಕ್ಸಿಕೋದಲ್ಲಿ ಒಬ್ಬ ಹೆಂಗಸು ತಿದ್ದುತ್ತಾಳೆ. ವಿಸ್ತಾ ಎಂದರೆ ಕಣ್ಣಿಗಿರುವ ಶಕ್ತಿಯೂ ಹೌದು, ಅದು ಕಡಿಮೆಯಾಯಿತೆಂದೇ ಬಂದವರಿಗೆ ಅದನ್ನೇ ಹೇಳಿದರೆ ಹೆದರುತ್ತಾರೆ ಎಂದು ವಾಪಸು ಕಳಿಸಿದಳು. ಎವೆಯಿಕ್ಕದೆ ನೋಡಿ ಎಂಬಂತೆ ತಿರುಗಿಸಿದೆ. ಅದು ಮಕ್ಕಳಿಗೆ ಗದರಿದ ಹಾಗಿದೆ ಎಂದು ಮತ್ತೆ ವಾಪಸು. ಈಗ ‘ಮಿರಾದಾ’ ಎಂಬುದೊಂದು ಉಳಿದಿದೆ. ಅದು ಮನುಷ್ಯನಿಂದ ಹೊರಟು ಹೋಗುವ ನೋಟ. ಪ್ರೀತಿಸಿದವರ ನೋಟಕ್ಕೆ, ಸಂತರ ಪಟಗಳ ಕಣ್ಣಿಗೆ ಆ ಮಾತು ಬಳಸಿದ್ದನ್ನು ನಾನು ಓದಿದ್ದೇನೆ. ಯಂತ್ರಕ್ಕೆ ಒಗ್ಗುತ್ತದೆಯೇ ಎಂದು ಅನುಮಾನ.

ನಮ್ಮ ಮೇಲಿನವರು ಪದ್ಮನಾಭ ಸರ್, ಉಡುಪಿ ಕಡೆಯವರು. ‘ಎಂತ ಮಾರಾಯ್ತಿ, ಒಂದು ಶಬ್ದವನ್ನು ಎಷ್ಟು ದಿನ ಅಂತ ಅಗಿಯುವುದು? ಹಾಕಿ ಮುಗಿಸು’ ಎನ್ನುತ್ತಾರೆ.

ಅವ್ವಾ, ನೀನು ಮುಂಜಾನೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂರುತ್ತೀಯಲ್ಲ, ಆಗ ಏನು ಮಾಡುತ್ತೀ? ಆ ನೋಡುವುದಕ್ಕೆ ನೀವು ಏನೆನ್ನುತ್ತೀರಿ? ಹುಟ್ಟಿದಾಗಿನಿಂದ ನೋಡಿದ್ದೇನೆ, ಕೇಳಿಯೇ ಇಲ್ಲ.

ದೀಪದ ಸುತ್ತ ಬಳೆ ಕಾಣುವುದು ವಯಸ್ಸಿನ ಮಾತಲ್ಲ. ಈ ಕೆಲಸಕ್ಕಾಗಿ ಓದಿ ಓದಿ ನನಗೆ ಅಷ್ಟು ಗೊತ್ತಾಗಿದೆ. ಉಮಾಬಾಯಿಯನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋಗು. ತಲೆನೋವು ಎಂದು ಅಪ್ಪನಿಗೆ ಹೇಳು.

ಸುವರ್ಣಾ


ಮಲ್ಕಾಜ್‌ಗಿರಿ
4 ಆಗಸ್ಟ್ 2003, ಶ್ರಾವಣ ಸೋಮವಾರ

ಸುವರ್ಣಾ,

ನಿನ್ನ ಪತ್ರವನ್ನು ಉಮಾಬಾಯಿಗೂ ಓದಿ ಹೇಳಿದೆ. ‘ಅಯ್ಯ, ಒಂದು ಮಾತಿಗೆ ಇಷ್ಟು ಮಂದಿ ಗುದ್ದಾಡ್ತಾರೇನ್ರಿ? ನಮ್ಮನ್ಯಾಗ ದಿನಾ ಸಾವಿರ ಮಾತು ಹಂಗಽ ಬಿದ್ದು ಹೊಕ್ಕಾವ’ ಎಂದಳು.

ನೀನು ಕೇಳಿದ್ದು ಒಳ್ಳೆಯದಾಯಿತು, ನನ್ನನ್ನೂ ಯಾರೂ ಕೇಳಿರಲಿಲ್ಲ. ನೋಡುವುದು ಎಂದು ನಾವು ಅನ್ನುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ನೋಡುತ್ತೇವೆ. ಲಿಂಗಕ್ಕೆ ದೃಷ್ಟಿ ಇಡುತ್ತೇವೆ. ಎಡಗೈಯಲ್ಲಿ ಲಿಂಗ, ಪಕ್ಕದಲ್ಲಿ ದೀಪ. ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಸಾಸಿವೆ ಕಾಳಿನಷ್ಟು ಹೊಳೆಯುತ್ತದೆ. ಅಲ್ಲಿ ದೃಷ್ಟಿ ಇಡಬೇಕು. ತೋಳಿನ ಮೇಲೆ ಮಲಗಿದ ಕೂಸನ್ನು ಹಾಸಿಗೆಗೆ ಇಳಿಸುತ್ತೇವಲ್ಲ, ಹಾಗೆ ಇಟ್ಟು ಬಿಡಬೇಕು. ಒತ್ತಬಾರದು, ಎಳೆಯಬಾರದು.

ನಾನು ಎಂಟು ವರ್ಷದವಳಿದ್ದಾಗ ನಮ್ಮೂರ ಮಠದ ಸ್ವಾಮಿಗಳು ಲಿಂಗ ಕೊಟ್ಟು ಹೇಳಿದ್ದರು, ‘ತಂಗಿ, ಬಾಜೂಕ ಬೆಕ್ಕು ಹಾಯ್ತೈತಿ, ಹಾಯಲಿ. ಒಲಿಮ್ಯಾಲ ಹಾಲು ಉಕ್ತೈತಿ, ಉಕ್ಕಲಿ. ಅವು ನಿನಗ ಕಂಡೇ ಇಲ್ಲ ಅಂತ ತಿಳಿ. ಕಂಡ್ರ ತಪ್ಪಾತು ಅನ್ನು, ತಿರುಗಿ ನಡುವಿಗೆ ಬಾ.’ ಮದುವೆಯಾಗಿ ಬಂದ ಹೊಸತರಲ್ಲಿ ನಿಜಕ್ಕೂ ಹಾಲು ಉಕ್ಕಿತು. ನಾನು ಕದಲಲಿಲ್ಲ. ಅತ್ತೆ ವಾರಗಟ್ಟಲೆ ಬೈದರು.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಸಂತರ ಕಣ್ಣಿಗೆ ಇಟ್ಟ ಮಾತನ್ನು ಯಂತ್ರಕ್ಕೆ ಇಡಬೇಡ. ದೇವರ ಮನೆಯ ಆರತಿ ತಟ್ಟೆಯಲ್ಲಿ ಅವಲಕ್ಕಿ ಕೊಟ್ಟ ಹಾಗಾಗುತ್ತದೆ. ಬೇರೆ ಹುಡುಕು. ಇಷ್ಟು ದೊಡ್ಡ ಭಾಷೆಯಲ್ಲಿ ಇನ್ನೊಂದು ಪದ ಇಲ್ಲವೇ?

ಆಸ್ಪತ್ರೆಗೆ ಶ್ರಾವಣ ಮುಗಿದ ಮೇಲೆ ಹೋಗುತ್ತೇನೆ.

ಅವ್ವ


ಮಿಯಾಪುರ
16 ಆಗಸ್ಟ್ 2003

ಅವ್ವಾ,

ಮಿರಾದಾ ಎಂದೇ ಹಾಕಿದೆ. ನೀನು ಬೇಡ ಎಂದದ್ದು ಓದಿದ ಮೇಲೆಯೇ ಅದು ಸರಿ ಅನ್ನಿಸಿತು. ಕಣ್ಣು ಹೋಗುತ್ತದೋ ಏನೋ ಎಂದು ಹೆದರಿ ಆ ಬೋಗುಣಿಯ ಮುಂದೆ ಕೂರುವವರಿಗೆ ದೇವರ ಮನೆಯ ಮಾತು ಕೊಟ್ಟರೆ ಏನೂ ಕೆಡುವುದಿಲ್ಲ. ಮೆಕ್ಸಿಕೋದವಳು ಈ ಸಲ ವಾಪಸು ಕಳಿಸಲಿಲ್ಲ. ಪದ್ಮನಾಭ ಸರ್ ಎಲ್ಲರಿಗೂ ಸಮೋಸ ತರಿಸಿದರು.

ನಿನ್ನನ್ನೂ ಅಂಥದೇ ಯಂತ್ರದ ಮುಂದೆ ಕೂರಿಸಬಹುದು. ಹೆದರಬೇಡ. ದಿನಾ ಮುಂಜಾನೆ ಮಾಡುವುದನ್ನೇ ಅಲ್ಲಿ ಮಾಡು. ನಡುವಿನ ದೀಪಕ್ಕೆ ದೃಷ್ಟಿ ಇಡು, ಅಷ್ಟೇ. ಈ ಕೆಲಸದಲ್ಲಿ ನಿನ್ನಷ್ಟು ಪಳಗಿದವರು ಹೈದರಾಬಾದಿನಲ್ಲೇ ಇರಲಿಕ್ಕಿಲ್ಲ.

ಶ್ರಾವಣ ಮುಗಿಯುವವರೆಗೂ ಕಾಯಬೇಡ.

ಸುವರ್ಣಾ


ಮಲ್ಕಾಜ್‌ಗಿರಿ
8 ಸೆಪ್ಟೆಂಬರ್ 2003

ಸುವರ್ಣಾ,

ಆಸ್ಪತ್ರೆಗೆ ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀನು ಎದೆ ಗಟ್ಟಿ ಮಾಡಿಕೊಂಡು ಓದು.

ಕಣ್ಣೊಳಗೆ ಒತ್ತಡ ಏರಿದೆಯಂತೆ. ಅಲ್ಲಿನ ಹುಡುಗಿ ‘ಕಾಲಾ ಮೋತಿಯಾ’ ಎಂದಳು, ಡಾಕ್ಟರು ಗ್ಲಾಕೋಮಾ ಎಂದರು. ಆಮೇಲೆ ನಿನ್ನ ಯಂತ್ರಕ್ಕೆ ಕೂರಿಸಿದರು. ಕಂಡ ಕೂಡಲೇ ಗುರುತು ಸಿಕ್ಕಿತು. ‘ಇದು ನನಗ ಗೊತ್ತೈತಮ್ಮ, ನನ್ನ ಮಗಳು ಬರದಾಳ’ ಎಂದೆ. ಆ ಹುಡುಗಿಗೆ ಕನ್ನಡ ತಿಳಿಯದು, ತೆಲುಗಿನಲ್ಲಿ ಏನೇನೋ ಹೇಳಿದಳು, ನಾನು ಹೂಂ ಹೂಂ ಎಂದೆ. ಒಂದು ಗುಂಡಿ ಇರುವ ಹಿಡಿಕೆ ಬಲಗೈಗೆ ಕೊಟ್ಟಳು. ನನ್ನ ಎಡಗೈ ತಾನಾಗಿ ಎದೆಯ ಮುಂದೆ ಬಂದಿತ್ತು, ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

ನಡುವೆ ದೀಪ ಹತ್ತಿತು. ದೃಷ್ಟಿ ಇಟ್ಟೆ. ಸುವರ್ಣಾ, ಅಂಥ ಏಕಾಗ್ರತೆ ನನಗೆ ಮನೆಯಲ್ಲೂ ಬರುವುದಿಲ್ಲ. ಸುತ್ತ ಸಣ್ಣ ಸಣ್ಣ ಕಿಡಿ ಬಂದು ಬಂದು ಹೋಗುತ್ತಿದ್ದವು, ಮನಸ್ಸು ಕೆಡಿಸಲಿಕ್ಕೆ. ನಾನು ಒಂದಕ್ಕೂ ಬಗ್ಗಲಿಲ್ಲ. ಆ ಹುಡುಗಿ ನಡುನಡುವೆ ‘ನೊಕ್ಕಂಡಿ ಅಮ್ಮಾ, ನೊಕ್ಕಂಡಿ’ ಎನ್ನುತ್ತಿದ್ದಳು. ಗುಂಡಿ ಒತ್ತು ಎಂದು ಅಷ್ಟು ತಿಳಿಯುತ್ತದೆ ನನಗೆ. ಒಂದೆರಡು ಸಲ ನನ್ನ ಗಮನ ಕಿಡಿಯ ಕಡೆ ಹರಿದದ್ದು ಹೌದು, ಆಗ ಪ್ರಾಮಾಣಿಕವಾಗಿ ಒತ್ತಿದೆ. ತಪ್ಪಾಯಿತು ಎಂದು ಮನಸ್ಸಿನಲ್ಲೂ ಅಂದೆ. ಎದ್ದು ಬರುವಾಗ ನನ್ನ ಮಗಳ ಮಾತಿಗೆ ಕುಂದು ತರಲಿಲ್ಲ ಎಂದು ಹೆಮ್ಮೆಯಾಯಿತು.

ಡಾಕ್ಟರು ಕಾಗದವನ್ನು ನನ್ನ ಮುಂದೆ ಹಿಡಿದರು. ಕಾಗದದ ತುಂಬ ಕಪ್ಪು. ಎರಡೂ ಕಣ್ಣಿನ ಸುತ್ತಲ ನೋಟ ಹೋಗಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಬೇಗ ಆಪರೇಷನ್ ಮಾಡಬೇಕು, ಇಲ್ಲದಿದ್ದರೆ ಅದೂ ಮುಚ್ಚುತ್ತದೆ ಎಂದರು. ಆಪರೇಷನ್ ಮಾಡಿದರೂ ಹೋದದ್ದು ಬರುವುದಿಲ್ಲವಂತೆ. ಉಮಾಬಾಯಿ ಅಲ್ಲೇ ಸೆರಗು ಬಾಯಿಗೆ ಇಟ್ಟುಕೊಂಡಳು.

ನಾನು ವಿಚಾರ ಮಾಡಿದೆ. ಲಿಂಗ ಕಾಣುವುದಕ್ಕೆ ಕಿಂಡಿಯಷ್ಟು ಸಾಕು. ಕಣ್ಣಿಗೆ ಕತ್ತರಿ ಹಾಕಿಸಿಕೊಂಡು ಅದನ್ನೂ ಕಳೆದುಕೊಂಡರೆ ನಾನು ಯಾವುದಕ್ಕೆ ದೃಷ್ಟಿ ಇಡಲಿ? ಕೊಟ್ಟವನು ಎಷ್ಟು ದಿನ ಇಡುತ್ತಾನೋ ಇಡಲಿ. ಆಪರೇಷನ್ ಬೇಡ ಎಂದು ನಿಶ್ಚಯ ಮಾಡಿದ್ದೇನೆ. ನಿಮ್ಮ ಅಪ್ಪನಿಗೆ ಇನ್ನೂ ಹೇಳಿಲ್ಲ.

ಒಂದೇ ಆಸೆ. ನಿನ್ನ ಮುಖ ಒಮ್ಮೆ ಸರಿಯಾಗಿ ನೋಡಬೇಕು. ಚಸ್ಮಾ ಹಾಕಿಕೊಂಡೇ ಇರು, ಪರವಾಗಿಲ್ಲ.

ಅವ್ವ


ಮಿಯಾಪುರ
11 ಸೆಪ್ಟೆಂಬರ್ 2003

ಅವ್ವಾ, ಅವ್ವಾ,

ಪತ್ರ ಇವತ್ತು ಮುಂಜಾನೆ ಬಂತು. ಮನೆಗೆ ಫೋನು ಮಾಡಿದೆ, ಅಪ್ಪ ಎತ್ತಿದರು. ‘ಹಲೋ, ಯಾರು ಮಾತಾಡೋದು?’ ಎಂದರು. ನಾನು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ, ಸ್ಪೀಡ್ ಪೋಸ್ಟಿನಲ್ಲಿ.

ಆ ಕಿಡಿಗಳು ಮನಸ್ಸು ಕೆಡಿಸಲು ಬಂದವುಗಳಲ್ಲ. ಪರೀಕ್ಷೆ ಅವುಗಳದ್ದೇ. ದೃಷ್ಟಿ ನಡುವೆ ಇರಬೇಕು, ಸುತ್ತ ಕಿಡಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತದಿದ್ದರೆ ಅದು ನಿನಗೆ ಕಾಣಲಿಲ್ಲ ಎಂದು ಯಂತ್ರ ಅಲ್ಲಿ ಕಪ್ಪು ಹಚ್ಚುತ್ತದೆ. ನೀನು ಕಂಡ ಕಿಡಿಗಳನ್ನೆಲ್ಲ ಕಾಣಲಿಲ್ಲ ಎಂದು ಹೇಳಿ ಬಂದಿದ್ದೀ. ಆ ಕಾಗದದ ಕಪ್ಪಿನಲ್ಲಿ ರೋಗ ಎಷ್ಟೋ, ನಿನ್ನ ಪೂಜೆ ಎಷ್ಟೋ!

ಇದು ನನ್ನಿಂದ ಆದದ್ದು. ಇಂಗ್ಲಿಷಿನಲ್ಲಿ ಎರಡು ವಾಕ್ಯಗಳಿದ್ದವು. ಮೊದಲನೆಯದು ದೃಷ್ಟಿ ಇಡಿ ಎಂದು, ಎರಡನೆಯದು ಬೇರೆ ಬೆಳಕು ಕಂಡರೆ ಒತ್ತಿ ಎಂದು. ಎರಡನೆಯದರಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ, ಒಂದು ನಿಮಿಷದಲ್ಲಿ ಮಾಡಿ ಮುಗಿಸಿದ್ದೆ. ಆದ್ದರಿಂದ ನಿನಗೆ ಬರೆಯಬೇಕೆಂದು ಹೊಳೆಯಲೇ ಇಲ್ಲ. ಅಷ್ಟೇ ಎಂದು ಬರೆದೆ. ಅಷ್ಟೇ!

ಇವತ್ತು ಪದ್ಮನಾಭ ಸರ್ ಹತ್ತಿರ ಹೋಗಿ, ಸ್ಪ್ಯಾನಿಷಿನಲ್ಲಿ ಇನ್ನೊಂದು ಮಾತು ಸೇರಿಸೋಣ ಎಂದೆ: ಬದಿಯ ಬೆಳಕು ಕಾಣುವುದು ತಪ್ಪಲ್ಲ. ಪೆರುವಿನಲ್ಲೂ ಜಪಮಾಲೆ ಹಿಡಿದು ಕೂರುವ ಅಜ್ಜಿಯರು ಇರುತ್ತಾರೆ ಸರ್ ಎಂದೆ. ‘ಇಂಗ್ಲಿಷಿನಲ್ಲಿ ಇಲ್ಲದ್ದನ್ನು ನಾವು ಹೇಗೆ ಹಾಕುವುದು ಮಾರಾಯ್ತಿ?’ ಎಂದರು. ಆದರೂ ಕಂಪನಿಯವರಿಗೆ ಬರೆದು ಕೇಳುತ್ತಾರಂತೆ.

ನೀನು ಮತ್ತೆ ಪರೀಕ್ಷೆಗೆ ಕೂರಬೇಕು. ನಾನು ಬರುತ್ತೇನೆ. ಬೇಡ ಎನ್ನಬೇಡ.

ಸುವರ್ಣಾ


ಮಲ್ಕಾಜ್‌ಗಿರಿ
17 ಸೆಪ್ಟೆಂಬರ್ 2003

ಸುವರ್ಣಾ,

ಓದಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಕುಳಿತಿದ್ದೆ, ಅದನ್ನು ತಪ್ಪು ಎಂದರೆ ಹೇಗೆ? ಆಮೇಲೆ ಉಮಾಬಾಯಿಗೆ ಹೇಳಿದಾಗ ಅವಳು ನೆಲ ಬಡಿದು ನಕ್ಕಳು. ‘ಯವ್ವಾ, ದಾಕ್ತರ ಮಷೀನಿನ ಮುಂದ ಶರಣೆ ಆಗಿ ಕುಂತಿದ್ರೇನ್ರಿ ನೀವು!’

ನಿಮ್ಮ ಅಪ್ಪನಿಗೆ ಹೇಳಿದೆ. ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು.

‘ಇಷ್ಟು ದಿನ ನನಗ ಯಾಕ ಹೇಳಲಿಲ್ಲ?’

‘ಹೇಳಿದ್ರ ಏನು ಮಾಡತಿದ್ರಿ?’

‘ಕರಕೊಂಡು ಹೋಗತಿದ್ದೆ.’

‘ಹಂಗಾರ ಮಗಳಿಗೆ ಫೋನ್ ಮಾಡ್ರಿ. ಆಕಿ ಬರ್ತೀನಿ ಅಂದಾಳ.’

ಫೋನಿನ ಕಡೆ ನೋಡಿದರು. ಕೈ ತೊಳೆದು ಹೊರಗೆ ಹೋದರು. ಮುಂಜಾನೆ ಎದ್ದವರು ‘ಆಸ್ಪತ್ರಿಗೆ ಆಕೀನಽ ಬರಲಿ, ಆಕಿಗೆ ತಿಳೀತೈತಿ’ ಎಂದಷ್ಟೇ ಹೇಳಿದರು.

ಬರುವ ಬುಧವಾರ ಡಾಕ್ಟರು ಇರುತ್ತಾರೆ. ಆಸ್ಪತ್ರೆಯ ಗೇಟಿಗೆ ಬಾ. ಮನೆಗೆ ಬಾ ಎಂದು ನಾನು ಹೇಳುತ್ತಿಲ್ಲ.

ಅವ್ವ


ಮಲ್ಕಾಜ್‌ಗಿರಿ
20 ಅಕ್ಟೋಬರ್ 2003, ಸೋಮವಾರ

ಸುವರ್ಣಾ,

ಆವತ್ತು ಆಸ್ಪತ್ರೆಯ ಗೇಟಿನಲ್ಲಿ ನಿನ್ನ ಮುಖ ಸರಿಯಾಗಿ ನೋಡಿದೆ. ತೆಳ್ಳಗಾಗಿದ್ದೀ. ಹಾಸ್ಟೆಲಿನ ಊಟ ಎಂಥದ್ದೋ. ಇಬ್ಬರೂ ಡಾಕ್ಟರ ಮಾತನ್ನೇ ಆಡಿದೆವು.

ಯಂತ್ರದ ಕೋಣೆಗೆ ನಿನ್ನನ್ನು ಬಿಡಲಿಲ್ಲವಲ್ಲ, ಒಳಗಿನದು ಬರೆಯುತ್ತೇನೆ. ನಡುವೆ ದೃಷ್ಟಿ ಇಟ್ಟು ಬದಿಯ ಕಿಡಿಗೆಲ್ಲ ಒತ್ತುವುದು ನನಗೆ ಸುಲಭವಾಗಿರಲಿಲ್ಲ. ಹೆಬ್ಬೆರಳು ಒಪ್ಪುತ್ತಿರಲಿಲ್ಲ. ಮೊದಲ ಕಿಡಿ ಬಂತು, ಬಿಟ್ಟೆ. ಎರಡನೆಯದು ಬಂತು. ಹೊರಗೆ ಬೆಂಚಿನ ಮೇಲೆ ನೀನು ಕುಳಿತಿದ್ದೀ ಎಂದು ನೆನೆದು ಒತ್ತಿದೆ. ಆಮೇಲೆ ಒತ್ತುತ್ತಾ ಹೋದೆ. ಕಂಡದ್ದನ್ನು ಕಂಡೆ ಎನ್ನುವುದಕ್ಕೆ ನನಗೆ ಬೆವರು ಬಂತು. ಬಲಗಣ್ಣಿನ ಸುತ್ತ ಎಷ್ಟೊಂದು ಇತ್ತು ಸುವರ್ಣಾ! ಮೇಲೆ, ಕೆಳಗೆ, ಮೂಲೆಯಲ್ಲಿ. ಇಷ್ಟು ವರ್ಷ ಅದೆಲ್ಲ ನನ್ನದಲ್ಲ ಎಂದು ಬಿಟ್ಟಿದ್ದೆ. ಎಡಗಣ್ಣಿನಲ್ಲಿ ಕಾಯುತ್ತಾ ಕುಳಿತೆ. ಒಂದು ಕಡೆ ಏನೂ ಬರಲೇ ಇಲ್ಲ. ಆಗ ತಿಳಿಯಿತು, ಬಿಡುವುದು ಬೇರೆ, ಹೋಗಿರುವುದು ಬೇರೆ ಎಂದು.

ಮನೆಗೆ ಬಂದು ನಿಮ್ಮ ಅಪ್ಪನಿಗೆ ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನ ಹೊರಬದಿ ಹೋಗಿದೆ, ಅದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಹನಿ ಹಾಕಿಕೊಂಡು ಉಳಿಸಿಕೊಳ್ಳಬೇಕು, ಈಗ ಆಪರೇಷನ್ ಬೇಕಿಲ್ಲ. ಅವರು ಹೂಂ ಎಂದರು. ಹನಿ ಹಾಕುವುದು ತಮ್ಮ ಕೆಲಸ ಎಂದು ತಾವೇ ತೆಗೆದುಕೊಂಡಿದ್ದಾರೆ. ಕೈ ಗಡುಸು, ಅರ್ಧ ಹನಿ ಕೆನ್ನೆಗೆ ಬೀಳುತ್ತದೆ. ಮುಂಜಾನೆ ಹನಿ ಹಾಕಿಸಿಕೊಂಡು ಸ್ವಲ್ಪ ಹೊತ್ತು ಕಳೆದ ಮೇಲೆ ಪೂಜೆಗೆ ಕೂರುತ್ತೇನೆ. ಬಳೆ ಈಗ ಅಷ್ಟು ಕಾಣುವುದಿಲ್ಲ. ನಿನ್ನ ಪೆರುವಿನ ಅಜ್ಜಿಯರಿಗೂ ಒಂದು ಬಿಲ್ವಪತ್ರಿ ಏರಿಸುತ್ತೇನೆ. ಆ ಕಂಪನಿಯವರು ಏನು ಉತ್ತರ ಕೊಟ್ಟರು? ಕೊಡದಿದ್ದರೆ ಮತ್ತೆ ಬರೆ.

ನಿಮ್ಮ ಅಪ್ಪ ರಸ್ತೆಯಲ್ಲಿ ಹೇಗೆ ನಡೆಯುತ್ತಾರೆ ನಿನಗೆ ಗೊತ್ತು. ಕೈಯಲ್ಲಿ ಚೀಲ, ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ, ಹಿಂದೆ ಹೆಂಡತಿ ಇದ್ದಾಳೆಂಬ ನೆನಪೇ ಇಲ್ಲದವರ ಹಾಗೆ. ಮೊನ್ನೆ ಸ್ಟೇಷನ್ ಹತ್ತಿರದ ಗುಡಿಗೆ ಹೊರಟಾಗ ನನ್ನ ಎಡಗಡೆ ಬಂದು ನಿಂತರು. ನಾನು ನಿಂತರೆ ಅವರೂ ನಿಂತರು.

‘ಯಾಕ್ರಿ, ಇವತ್ತು ನಡಗಿ ಮೆತ್ತಗಾತಲ್ಲ?’ ಎಂದೆ.

‘ಎಡಗಡೆ ನಾ ನೋಡ್ತೀನಿ. ಬಲಗಡೆ ನೀ ನೋಡಿಕೋ. ಸುಮ್ನ ನಡಿ.’

ಗುಡಿ ಮುಟ್ಟುವವರೆಗೆ ಹಾಗೇ ಬಂದರು. ವಾಪಸು ಬರುವಾಗ, ‘ಹೊಸ ಲೋಕಲ್ ರೈಲು ಲಿಂಗಂಪಲ್ಲಿ ತನಕ ಹೊಂಟೈತಿ. ಮಿಯಾಪುರದವ್ರಿಗೆ ನಮ್ಮ ಬಾಜೂಕಿನ ಸಿಕಂದರಾಬಾದಿಗೆ ಬರಾಕ ಭಾಳ ಸಲೀಸಾತು’ ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ನನ್ನ ಕಡೆ ನೋಡಲಿಲ್ಲ. ಈ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಮಾತು ಬರುವುದಿಲ್ಲ, ನೀನು ಇಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕು.

ದೀಪಾವಳಿ ಹತ್ತಿರ ಬಂತು. ಹಬ್ಬದ ದಿನ ನಾನು ಅಂಗಳದಲ್ಲೇ ಇರುತ್ತೇನೆ. ಬರುವುದಾದರೆ ಬಲಗಡೆಯಿಂದ, ನಲ್ಲಿಯ ಕಡೆಯಿಂದ ಬಾ. ಎಡಗಡೆ ಬಂದು ಸುಮ್ಮನೆ ನಿಂತರೆ ನನಗೆ ಕಾಣುವುದಿಲ್ಲ. ಕಾಣಲಿಲ್ಲವೆಂದು ತಿರುಗಿ ಹೋಗಬೇಡ, ಕೂಗು.

ನಿನ್ನ ಅವ್ವ
ಗದಿಗೆಮ್ಮ